ಉಚಿತದ ಬಾವಿಗಳು: ಅಂತರ್ಜಾಲದ ಮೂರು ದಶಕ

ಮಕ್ಕಾದಿಂದ ಮದೀನಕ್ಕೆ ಹಿಜ್‌ರತ್ ಬಂದವರಿಗೆ ಹೊಸ ಊರಿನಲ್ಲಿ ಕುಡಿಯುವ ನೀರಿನದೇ ಒಂದು ಚಿಂತೆಯಾಯಿತು. ಸಿಹಿನೀರಿದ್ದ ರೂಮಾ ಎಂಬ ಬಾವಿಯ ಒಡೆಯ ನೀರನ್ನು ದುಡ್ಡಿಗೆ ಮಾರುತ್ತಿದ್ದ. ಕಾಸಿಲ್ಲದವನಿಗೆ ನೀರಿಲ್ಲ. ಈ ಬಾವಿಯನ್ನು ಕೊಂಡು ಜನರಿಗೆ ಬಿಟ್ಟುಕೊಡುವವರು ಯಾರಿದ್ದಾರೆ ಎಂದು ಪ್ರವಾದಿ(ಸ) ಕೇಳಿದಾಗ ಹ. ಉಸ್ಮಾನ್(ರ) ಸ್ವಂತ ಹಣದಿಂದ ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ದಾನದ ಹಿರಿಮೆಯನ್ನು ವಿವರಿಸುವಾಗ ಖತೀಬರು ಈ ಪ್ರಸಂಗವನ್ನು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಹದೀಸಿನಲ್ಲಿ ಅದರ ಜೊತೆಗೇ ಬರುವ ಒಂದು ಮಾತು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಬಾವಿ ಕೊಂಡವನ ಬಿಂದಿಗೆಯೂ ಉಳಿದ ಮುಸ್ಲಿಮರ ಬಿಂದಿಗೆಗಳ ಜೊತೆಗೇ ಇಳಿಯಬೇಕು ಎಂಬುದು ಆ ಮಾತು. ಅಂದರೆ ಹಣ ಕೊಟ್ಟವನಿಗೂ ಬಾವಿಕಟ್ಟೆಯಲ್ಲಿ ಬೇರೆಯವರಿಗಿಲ್ಲದ ಹಕ್ಕು ಇರುವುದಿಲ್ಲ.

ಈಗ ನಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ಇಂಥ ಹತ್ತಾರು ಬಾವಿಗಳಿವೆ. ಫಜ್ರ್‌ನ ಸಮಯ ನೋಡಲು ಒಂದು, ಪತ್ರ ಕಳುಹಿಸಲು ಒಂದು, ಗೊತ್ತಿಲ್ಲದ ಪದದ ಅರ್ಥಕ್ಕೆ ಇನ್ನೊಂದು. ದಾರಿ ಹುಡುಕಲು ನಕಾಶೆ, ಜಮೀನಿನ ಪಹಣಿ ನೋಡಲು ಸರಕಾರದ ತಾಣ, ಮಿಕ್ಸಿ ಯಾವ ಅಂಗಡಿಯಲ್ಲಿ ಅಗ್ಗ ಎಂದು ತಿಳಿಯಲು ಮತ್ತೊಂದು ತಾಣ. ಯಾವುದಕ್ಕೂ ನಾವು ಕಾಸು ಕೊಡುವುದಿಲ್ಲ. ಆದರೆ ಬಾವಿಯನ್ನು ಯಾರೋ ತೋಡಿರಬೇಕಷ್ಟೆ? ಹಗ್ಗಕ್ಕೂ ರಾಟೆಗೂ ಯಾರೋ ಇಂದಿಗೂ ಖರ್ಚು ಮಾಡುತ್ತಿರಬೇಕಷ್ಟೆ? ಅವರು ಯಾರು, ಯಾಕೆ ಮಾಡುತ್ತಾರೆ ಎಂದು ಹುಡುಕುತ್ತಾ ಹೋದರೆ ಅಂತರ್ಜಾಲದ ಮೂರು ದಶಕಗಳ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ನಿತ್ಯದ ಅಗತ್ಯಗಳನ್ನು ಉಚಿತವಾಗಿ ಪೂರೈಸುವುದು ಅಂತರ್ಜಾಲ ಕಂಡುಹಿಡಿದ ಸಂಗತಿಯೇನಲ್ಲ. ನಮ್ಮ ಹಳ್ಳಿಗಳ ದಾರಿಯಲ್ಲಿ ಬೇಸಿಗೆ ಬಂದರೆ ಅರವಟ್ಟಿಗೆ ಏಳುತ್ತಿತ್ತು. ಬಿಜಾಪುರದ ತಾಜ್ ಬಾವಡಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು, 1620ರಲ್ಲಿ ಕಟ್ಟಿದ್ದು. ಕೈರೋ ನಗರದಲ್ಲಿ 1744ರಲ್ಲಿ ಅಬ್ದುರ‍್ರಹ್ಮಾನ್ ಕತ್‌ಖುದಾ ಕಟ್ಟಿಸಿದ ಸಬೀಲ್ ಇಂದಿಗೂ ನಿಂತಿದೆ. ಕೆಳಗೆ ದಾರಿಹೋಕರಿಗೆ ನೀರು, ಮೇಲೆ ಮಕ್ಕಳಿಗೆ ಕುರ್‌ಆನ್ ಪಾಠಶಾಲೆ. ಇವುಗಳ ಖರ್ಚು ನಡೆಯುತ್ತಿದ್ದುದು ವಕ್ಫ್‌ನಿಂದ. ಅಂಗಡಿಯ ಬಾಡಿಗೆಯನ್ನೋ ತೋಟದ ಉತ್ಪನ್ನವನ್ನೋ ಶಾಶ್ವತವಾಗಿ ಆ ಕೆಲಸಕ್ಕೆ ಬರೆದಿಟ್ಟರೆ, ಬರೆದಿಟ್ಟವನ ಶರತ್ತನ್ನು ಮೀರಲು ಮುತವಲ್ಲಿಗೂ ಅಧಿಕಾರವಿರಲಿಲ್ಲ.

ಸಮಯ ಹೇಳುವುದೂ ಇಂಥದೇ ಒಂದು ಸೇವೆಯಾಗಿತ್ತು. ಹದಿಮೂರನೇ ಶತಮಾನದ ಕೊನೆಯ ವೇಳೆಗೆ ಈಜಿಪ್ಟಿನ ಮಸೀದಿಗಳಲ್ಲಿ ಮುವಕ್ಕಿತ್ ಎಂಬ ಹುದ್ದೆ ಕಾಣಿಸಿಕೊಂಡಿತು. ನಮಾಝಿನ ವೇಳೆಯನ್ನು ಲೆಕ್ಕ ಹಾಕುವ ಖಗೋಳಜ್ಞನಿಗೆ ಮಸೀದಿಯಿಂದಲೇ ಸಂಬಳ. ದಮಾಸ್ಕಸಿನ ಉಮಯ್ಯದ್ ಮಸೀದಿಯ ಮುವಕ್ಕಿತ್ ಆಗಿದ್ದ ಇಬ್ನುಶ್ಶಾತಿರ್ 1371ರ ಸುಮಾರಿಗೆ ಅದರ ಮಿನಾರಕ್ಕೆ ಒಂದು ದೊಡ್ಡ ನೆರಳುಗಡಿಯಾರವನ್ನು ಮಾಡಿದರು. ಅದೇ ಕಾಲದ ಶಂಸುದ್ದೀನ್ ಅಲ್-ಖಲೀಲಿ ತಯಾರಿಸಿದ ನಮಾಝ್ ವೇಳೆಯ ಕೋಷ್ಟಕಗಳು ದಮಾಸ್ಕಸಿನಲ್ಲಿ ಹತ್ತೊಂಬತ್ತನೇ ಶತಮಾನದವರೆಗೂ ಬಳಕೆಯಲ್ಲಿದ್ದವು. ಉಸ್ಮಾನಿಯಾ ತುರ್ಕಿಯಲ್ಲಂತೂ ಮಸೀದಿಯ ಪಕ್ಕದಲ್ಲೇ ಗಡಿಯಾರದ ಕೋಣೆಗಳಿದ್ದವು. ಬೀದಿಯಲ್ಲಿ ಹೋಗುವವನು ಕಿಟಕಿಯಲ್ಲಿ ಇಣುಕಿ ತನ್ನ ಗಡಿಯಾರವನ್ನು ಸರಿಪಡಿಸಿಕೊಂಡು ಹೋಗಬಹುದಾಗಿತ್ತು. ಇಣುಕಿದವನ ಹೆಸರು ಯಾರೂ ಕೇಳುತ್ತಿರಲಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಅಂತರ್ಜಾಲಕ್ಕೆ ಬರೋಣ. 1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಹಾರ್ಟ್ ಎಂಬ ವಿದ್ಯಾರ್ಥಿ ಆ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ, ಬೇಕಾದವರು ಪಡೆಯಲಿ ಎಂದು ಬಿಟ್ಟ. ಇಂದಿಗೂ ಸಾವಿರಾರು ಪುಸ್ತಕಗಳನ್ನು ಉಚಿತವಾಗಿ ಕೊಡುತ್ತಿರುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಹುಟ್ಟಿದ್ದು ಹೀಗೆ. ಆಗ ವೆಬ್ ಎಂಬ ಹೆಸರೇ ಇರಲಿಲ್ಲ. ಟಿಮ್ ಬರ್ನರ್ಸ್-ಲೀ ಅದರ ಪ್ರಸ್ತಾವವನ್ನು ಬರೆದದ್ದು 1989ರಲ್ಲಿ, ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿ. ಅದು ಯುರೋಪಿನ ಸರಕಾರಗಳ ಹಣದಿಂದ ನಡೆಯುವ ಸಂಸ್ಥೆ. 1993ರ ಎಪ್ರಿಲ್ 30ರಂದು ಸರ್ನ್ ಒಂದು ಚಿಕ್ಕ ದಾಖಲೆಗೆ ಸಹಿ ಹಾಕಿ, ವೆಬ್‌ನ ತಂತ್ರಾಂಶದ ಮೇಲೆ ತನಗೆ ಹಕ್ಕಿಲ್ಲ, ಯಾರು ಬೇಕಾದರೂ ಬಳಸಬಹುದು ಎಂದಿತು.

ಈ ಸಹಿಯ ಮಹತ್ವ ತಿಳಿಯಬೇಕಾದರೆ ಗೋಫರ್ ಕಥೆ ತಿಳಿಯಬೇಕು. ಮಿನೆಸೋಟಾ ವಿಶ್ವವಿದ್ಯಾನಿಲಯ ರೂಪಿಸಿದ ಗೋಫರ್ ಎಂಬ ವ್ಯವಸ್ಥೆ ಆಗ ವೆಬ್‌ಗಿಂತ ಹೆಚ್ಚು ಜನಪ್ರಿಯವಾಗಿತ್ತು. 1993ರ ಆರಂಭದಲ್ಲಿ ಆ ವಿಶ್ವವಿದ್ಯಾನಿಲಯ ತನ್ನ ಗೋಫರ್ ಸರ್ವರ್ ತಂತ್ರಾಂಶಕ್ಕೆ ಶುಲ್ಕ ವಿಧಿಸುವುದಾಗಿ ಹೇಳಿತು. ಜನ ಗಾಬರಿಯಾಗಿ ವೆಬ್‌ನ ಕಡೆ ಹೊರಳಿದರು. ಕೆಲವೇ ವರ್ಷಗಳಲ್ಲಿ ಗೋಫರ್‌ನ ಹೆಸರು ಹೇಳುವವರೂ ಉಳಿಯಲಿಲ್ಲ. ಹೀಗೆ ನಾವೀಗ ಅಂತರ್ಜಾಲ ಎಂದು ಕರೆಯುವ ಜಾಗದ ನೆಲವೇ ಒಂದು ರೀತಿಯಲ್ಲಿ ವಕ್ಫ್ ಭೂಮಿ. ಅದರ ಮೇಲೆ ಕಟ್ಟಿದ ಕಟ್ಟಡಗಳ ಮಾತು ಬೇರೆ.

ಆ ಕಟ್ಟಡಗಳ ಸ್ವರೂಪವನ್ನು ನಿರ್ಧರಿಸಿದ ಎರಡು ಸಂಗತಿಗಳು ನಡೆದದ್ದು 1994ರಲ್ಲಿ. ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ತಾಣದಲ್ಲಿ ಅಡ್ಡಪಟ್ಟಿಯ ಜಾಹೀರಾತು ಕಾಣಿಸಿಕೊಂಡಿತು. ಪತ್ರಿಕೆ ನಡೆಸುವವರಿಗೆ ಜಾಹೀರಾತಿನಲ್ಲಿ ಹೊಸದೇನಿಲ್ಲ. ಈ ಮಾಸಿಕದಲ್ಲೂ ಜಾಹೀರಾತು ಇರುತ್ತದೆ. ಎರಡನೆಯ ಸಂಗತಿ ಮಾತ್ರ ನಿಜಕ್ಕೂ ಹೊಸತು, ಮತ್ತು ಅದು ಹುಟ್ಟಿದ್ದು ಸಾಮಾನು ಖರೀದಿಯ ತಾಪತ್ರಯದಿಂದ. ವೆಬ್‌ಗೆ ನೆನಪಿನ ಶಕ್ತಿ ಇರಲಿಲ್ಲ. ನೀವು ಒಂದು ಪುಟದಲ್ಲಿ ಪುಸ್ತಕವನ್ನು ಆರಿಸಿ ಮುಂದಿನ ಪುಟಕ್ಕೆ ಹೋದರೆ ಅಂಗಡಿಗೆ ನೀವು ಯಾರೋ ಹೊಸಬರು. ಇದಕ್ಕೆ ಪರಿಹಾರವಾಗಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಕುಕಿ ಎಂಬುದನ್ನು ರೂಪಿಸಿದ. ಅಂಗಡಿಯವನು ನಿಮ್ಮ ಕಿಸೆಯಲ್ಲಿ ಒಂದು ಚೀಟಿ ಇಡುತ್ತಾನೆ, ಮುಂದಿನ ಪುಟದಲ್ಲಿ ಅದನ್ನು ನೋಡಿ ನಿಮ್ಮನ್ನು ಗುರುತಿಸುತ್ತಾನೆ. ಅಷ್ಟೇ. ಇಂದಿಗೂ ನಾವು ಆರಿಸಿದ ಸಾಮಾನು ಕಾರ್ಟಿನಲ್ಲಿ ಉಳಿದುಕೊಳ್ಳುವುದರ ಹಿಂದೆ ಇರುವುದು ಇದೇ ಉಪಾಯ.

ಆದರೆ ಜಾಹೀರಾತು ಕಂಪನಿಗಳು ಈ ಚೀಟಿಯ ಇನ್ನೊಂದು ಉಪಯೋಗವನ್ನು ಬೇಗನೆ ಕಂಡುಕೊಂಡವು. ಒಂದೇ ಕಂಪನಿಯ ಜಾಹೀರಾತು ಸಾವಿರ ತಾಣಗಳಲ್ಲಿದ್ದರೆ, ಆ ಸಾವಿರ ತಾಣಗಳಲ್ಲೂ ಅದು ತನ್ನದೇ ಚೀಟಿಯನ್ನು ನಿಮ್ಮ ಕಿಸೆಯಲ್ಲಿ ಓದಬಹುದು. ಬೆಳಿಗ್ಗೆ ಮಗಳ ಮದುವೆಗೆ ಸಾಲದ ಬಡ್ಡಿ ಎಷ್ಟೆಂದು ನೋಡಿದವನೂ ಮಧ್ಯಾಹ್ನ ಸಕ್ಕರೆ ಕಾಯಿಲೆಯ ಔಷಧ ಹುಡುಕಿದವನೂ ಒಬ್ಬನೇ ಎಂದು ಅದಕ್ಕೆ ತಿಳಿಯುತ್ತದೆ. ಈ ವಿದ್ಯೆಯಲ್ಲಿ ಪಳಗಿದ್ದ ಡಬಲ್‌ಕ್ಲಿಕ್ ಕಂಪನಿಯನ್ನು ಗೂಗಲ್ 2007ರಲ್ಲಿ ಕೊಳ್ಳಲು ಮುಂದಾದಾಗ ಕೊಟ್ಟ ಬೆಲೆ 310 ಕೋಟಿ ಡಾಲರ್. ಉಚಿತ ಎಂಬ ಪದದ ಒಳಗೆ ಎಷ್ಟು ಹಣವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜನಸಾಮಾನ್ಯರಿಗೆ ಉಚಿತದ ರುಚಿ ಹಿಡಿಸಿದ್ದು ಬೆಂಗಳೂರಿನಲ್ಲಿ ಬೆಳೆದ ಹುಡುಗ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಚಂಡೀಗಢದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಶಾಲೆ ಕಲಿತು ಅಮೆರಿಕಕ್ಕೆ ಹೋದ ಸಬೀರ್ ಭಾಟಿಯಾ, ಗೆಳೆಯ ಜಾಕ್ ಸ್ಮಿತ್‌ನೊಂದಿಗೆ ಹಾಟ್‌ಮೇಲ್ ಆರಂಭಿಸಿದ್ದು 1996ರ ಜುಲೈ 4ರಂದು. (ಗುಟೆನ್‌ಬರ್ಗ್ ಆರಂಭವಾದ ತಾರೀಕೂ ಅದೇ. ಅಮೆರಿಕನ್ನರಿಗೆ ತಮ್ಮ ಸ್ವಾತಂತ್ರ್ಯ ದಿನದ ಮೇಲೆ ಅಷ್ಟು ಮೋಹ.) ಅಲ್ಲಿಯವರೆಗೆ ಇಮೇಲ್ ಎಂದರೆ ಕಚೇರಿಯೋ ಕಾಲೇಜೋ ಸಂಪರ್ಕ ಕೊಡುವ ಕಂಪನಿಯೋ ದಯಪಾಲಿಸುವ ವಿಳಾಸ. ಹಾಟ್‌ಮೇಲ್ ಬಂದ ಮೇಲೆ ಯಾವ ಸೈಬರ್ ಕೆಫೆಯಲ್ಲಿ ಕುಳಿತರೂ ನಮ್ಮ ಅಂಚೆ ನಮಗೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಮನೆಗಳಲ್ಲಿ ಏರೋಗ್ರಾಮಿಗೆ ಕಾಯುವುದು ಮರೆಯಾಗತೊಡಗಿದ ಕಾಲವದು. ಹಾಟ್‌ಮೇಲಿನಿಂದ ಹೊರಡುವ ಪ್ರತಿ ಪತ್ರದ ಕೊನೆಯಲ್ಲೂ ನೀವೂ ಉಚಿತ ವಿಳಾಸ ಪಡೆಯಿರಿ ಎಂಬ ಸಾಲು ತಾನಾಗಿ ಸೇರಿಕೊಳ್ಳುತ್ತಿತ್ತು. ಪತ್ರ ಬರೆದವನೇ ಜಾಹೀರಾತು ಹಂಚುವ ಹುಡುಗನೂ ಆದ. ಒಂದೂವರೆ ವರ್ಷದಲ್ಲಿ ಬಳಕೆದಾರರ ಸಂಖ್ಯೆ 80 ಲಕ್ಷ ದಾಟಿತು. 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಸುಮಾರು 40 ಕೋಟಿ ಡಾಲರಿಗೆ ಅದನ್ನು ಕೊಂಡಿತು.

2004ರ ಎಪ್ರಿಲ್ 1ರಂದು ಜಿಮೇಲ್ ಬಂದಾಗ ಹಾಟ್‌ಮೇಲ್ ಕೊಡುತ್ತಿದ್ದುದು 2 ಮೆಗಾಬೈಟ್ ಜಾಗ. ಜಿಮೇಲ್ ಕೊಟ್ಟದ್ದು 1 ಗಿಗಾಬೈಟ್, ಅಂದರೆ ಅದರ ಐನೂರು ಪಟ್ಟು. ಬದಲಿಗೆ ಪತ್ರದಲ್ಲಿನ ಪದಗಳನ್ನು ಯಂತ್ರ ಓದಿ ಪಕ್ಕದಲ್ಲಿ ತಕ್ಕ ಜಾಹೀರಾತು ತೋರಿಸುತ್ತಿತ್ತು. ಜಾಹೀರಾತಿಗಾಗಿ ಹಾಗೆ ಓದುವುದನ್ನು ನಿಲ್ಲಿಸುವುದಾಗಿ ಗೂಗಲ್ ಹೇಳಿದ್ದು 2017ರಲ್ಲಿ. ಹದಿಮೂರು ವರ್ಷ ನಾವು ಯಾರೂ ಅದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಇದನ್ನು ಬರೆಯುತ್ತಿರುವವನೂ ಸೇರಿದಂತೆ.

ಬೆಲೆ ಹೋಲಿಸುವ ತಾಣಗಳ ಕಥೆ ಇದಕ್ಕಿಂತ ಸ್ವಾರಸ್ಯಕರ. ಸಂತೆಗೆ ಹೋದವನು ನಾಲ್ಕು ಅಂಗಡಿ ಸುತ್ತಿ ದರ ವಿಚಾರಿಸುವುದು ಸಹಜ. ಈ ಸುತ್ತಾಟವನ್ನು ಯಂತ್ರಕ್ಕೆ ವಹಿಸುವ ಮೊದಲ ಪ್ರಯತ್ನಗಳಲ್ಲೊಂದು 1995ರ ಬಾರ್ಗೇನ್‌ಫೈಂಡರ್. ಅದು ಹಾಡಿನ ಸೀಡಿಗಳ ಬೆಲೆಯನ್ನು ಹಲವು ಅಂಗಡಿಗಳಿಂದ ತಂದು ಒಂದೇ ಕಡೆ ತೋರಿಸುತ್ತಿತ್ತು. ಕೆಲವು ಅಂಗಡಿಯವರು ಕೂಡಲೇ ಅದಕ್ಕೆ ಬಾಗಿಲು ಮುಚ್ಚಿದರು. ಗಿರಾಕಿ ಬೆಲೆ ಹೋಲಿಸುವುದು ಯಾವ ವ್ಯಾಪಾರಿಗೆ ತಾನೇ ಇಷ್ಟ? 1996ರಲ್ಲಿ ಅಮೆರಿಕದಲ್ಲಿದ್ದ ಭಾರತೀಯರ ತಂಡವೊಂದು ಜಂಗ್ಲೀ ಎಂಬ ಕಂಪನಿಯನ್ನು ಕಟ್ಟಿ ಇದೇ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡಿತು. 1998ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಎಲ್ಲ ಅಂಗಡಿಗಳ ಬೆಲೆ ಹೇಳುತ್ತಿದ್ದವನನ್ನು ಒಂದು ಅಂಗಡಿಯವನೇ ಸಂಬಳಕ್ಕೆ ಇಟ್ಟುಕೊಂಡಂತೆ. ಅದೇ ಹೆಸರನ್ನು 2012ರಲ್ಲಿ ಭಾರತಕ್ಕೆ ತಂದು ಹೋಲಿಕೆಯ ತಾಣ ತೆರೆದರು, 2017ರ ವೇಳೆಗೆ ಅದೂ ಮುಚ್ಚಿತು.

ಗೂಗಲ್ 2002ರಲ್ಲಿ ಫ್ರೂಗಲ್ ಎಂಬ ಹೆಸರಿನಲ್ಲಿ ಇಂಥದೇ ಸೇವೆ ಆರಂಭಿಸಿತು. ಅಂಗಡಿಯವರಿಗೂ ಉಚಿತ, ಗಿರಾಕಿಗೂ ಉಚಿತ. ಹತ್ತು ವರ್ಷಗಳ ನಂತರ, 2012ರಲ್ಲಿ, ಹಣ ಕೊಟ್ಟ ಅಂಗಡಿಗಳ ಸಾಮಾನು ಮಾತ್ರ ಅಲ್ಲಿ ಕಾಣುವಂತಾಯಿತು. ಅಮೆರಿಕದಲ್ಲಿ ಮತ್ತೆ ಉಚಿತ ಪಟ್ಟಿಗೆ ಅವಕಾಶ ಕೊಟ್ಟದ್ದು 2020ರಲ್ಲಿ. ಇದೇ ಅವಧಿಯಲ್ಲಿ ಇಂಗ್ಲೆಂಡಿನ ಆಡಮ್ ಮತ್ತು ಶಿವಾನ್ ರಾಫ್ ಎಂಬ ದಂಪತಿ ಫೌಂಡೆಮ್ ಎಂಬ ಬೆಲೆ ಹೋಲಿಕೆಯ ತಾಣವನ್ನು ನಡೆಸುತ್ತಿದ್ದರು. 2006ರಲ್ಲಿ ತೆರೆದ ಸ್ವಲ್ಪ ದಿನಗಳಲ್ಲೇ ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ತಮ್ಮ ತಾಣ ಬಹಳ ಕೆಳಗೆ ಹೋಗಿರುವುದು ಅವರ ಗಮನಕ್ಕೆ ಬಂತು. 2009ರಲ್ಲಿ ಅವರು ಯುರೋಪಿಯನ್ ಆಯೋಗಕ್ಕೆ ದೂರಿತ್ತರು. ಗೂಗಲ್ ತನ್ನ ಖರೀದಿ ಸೇವೆಯನ್ನು ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಇಟ್ಟು ಪ್ರತಿಸ್ಪರ್ಧಿಗಳನ್ನು ಕೆಳಗೆ ತಳ್ಳಿದೆ ಎಂದು ತೀರ್ಮಾನಿಸಿ ಆಯೋಗ 2017ರಲ್ಲಿ 242 ಕೋಟಿ ಯೂರೋ ದಂಡ ವಿಧಿಸಿತು. 2024ರ ಸೆಪ್ಟೆಂಬರಿನಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿಯೂ ಸ್ಪರ್ಧಾ ಆಯೋಗ ಹುಡುಕಾಟದಲ್ಲಿನ ಪಕ್ಷಪಾತಕ್ಕಾಗಿ 2018ರಲ್ಲಿ ಗೂಗಲ್‌ಗೆ ಸುಮಾರು 136 ಕೋಟಿ ರೂಪಾಯಿ ದಂಡ ಹಾಕಿತು, ಕಂಪನಿ ಮೇಲ್ಮನವಿ ಸಲ್ಲಿಸಿತು. ರೂಮಾ ಬಾವಿಯ ಶರತ್ತನ್ನು ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ಬಾವಿಯ ಒಡೆಯ ತನ್ನ ಬಿಂದಿಗೆಯನ್ನು ಎಲ್ಲರಿಗಿಂತ ಮೊದಲು ಇಳಿಸಿದ್ದೇ ಇಲ್ಲಿ ವ್ಯಾಜ್ಯಕ್ಕೆ ಕಾರಣ.

ವಿಚಿತ್ರವೆಂದರೆ ಗೂಗಲ್‌ನ ಸ್ಥಾಪಕರಿಬ್ಬರಿಗೂ ಇದು ಮೊದಲೇ ತಿಳಿದಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಗಳಾಗಿದ್ದಾಗ, 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು, ಜಾಹೀರಾತಿನ ಹಣದಿಂದ ನಡೆಯುವ ಹುಡುಕು ಯಂತ್ರ ಜಾಹೀರಾತುದಾರರ ಕಡೆಗೆ ವಾಲುವುದು ಸಹಜ ಎಂಬ ಅರ್ಥದ ಮಾತು ಬರೆದಿದ್ದಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ, 2000ದಲ್ಲಿ, ಅವರದೇ ಜಾಹೀರಾತು ವ್ಯವಸ್ಥೆ ಆರಂಭವಾಯಿತು. ಮನುಷ್ಯ ತಾನು ಬರೆದದ್ದನ್ನು ಮರೆಯುವುದಕ್ಕೆ ಎರಡು ವರ್ಷ ಸಾಕು.

ಹಾಗಾದರೆ ಜಾಹೀರಾತಿಲ್ಲದೆ ಇಷ್ಟು ದೊಡ್ಡ ಸೇವೆ ನಡೆಯಲು ಸಾಧ್ಯವೇ ಇರಲಿಲ್ಲವೇ? ವಿಕಿಪೀಡಿಯ ಇದಕ್ಕೆ ಉತ್ತರ. ಅದು ಆರಂಭವಾದದ್ದು 2001ರ ಜನವರಿ 15ರಂದು, ಬೋಮಿಸ್ ಎಂಬ ವ್ಯಾಪಾರಿ ಕಂಪನಿಯ ನೆರಳಿನಲ್ಲಿ. ಡಾಟ್‌ಕಾಮ್ ಕುಸಿತದ ಆ ದಿನಗಳಲ್ಲಿ ಕಂಪನಿಯ ಬಳಿ ಹಣ ತೀರಿತು. ವಿಶ್ವಕೋಶದ ಏಕೈಕ ಸಂಬಳದ ಸಂಪಾದಕ ಲ್ಯಾರಿ ಸ್ಯಾಂಗರ್ 2002ರ ಆರಂಭದಲ್ಲಿ ಕೆಲಸ ಕಳೆದುಕೊಂಡರು. ಜಾಹೀರಾತು ಹಾಕಿದರೆ ಹೇಗೆ ಎಂಬ ಮಾತು ಚರ್ಚೆಯಲ್ಲಿ ಬಂತು. ಇದನ್ನು ಕೇಳಿ ಸಿಡಿದೆದ್ದವರು ಸ್ಪ್ಯಾನಿಷ್ ಭಾಷೆಯ ಸ್ವಯಂಸೇವಕರು. ನಾವು ಪುಕ್ಕಟೆಯಾಗಿ ಬರೆದದ್ದರ ಮೇಲೆ ಬೇರೆಯವರು ಹಣ ಮಾಡುವುದೇ ಎಂದು ಅವರ ಪ್ರಶ್ನೆ. ಫೆಬ್ರವರಿ ಕೊನೆಯಲ್ಲಿ ಅವರು ಬರಹಗಳನ್ನೆಲ್ಲ ನಕಲು ಮಾಡಿಕೊಂಡು ಸೆವಿಲ್ ವಿಶ್ವವಿದ್ಯಾನಿಲಯದ ಸರ್ವರಿನಲ್ಲಿ ಬೇರೆಯೇ ವಿಶ್ವಕೋಶ ತೆರೆದರು. ಬರಹಗಳ ಪರವಾನಿಗೆಯೇ ಹಾಗೆ ಇದ್ದುದರಿಂದ ಅವರನ್ನು ತಡೆಯುವ ಹಾಗೂ ಇರಲಿಲ್ಲ.

ಈ ಬಂಡಾಯ ಫಲ ಕೊಟ್ಟಿತು. ಅದೇ ವರ್ಷ ವಿಕಿಪೀಡಿಯ ವಾಣಿಜ್ಯ ವಿಳಾಸವನ್ನು ಬಿಟ್ಟು ಸಂಸ್ಥೆಗಳ ವಿಳಾಸಕ್ಕೆ ಬದಲಾಯಿತು. 2003ರ ಜೂನಿನಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಸ್ಥಾಪನೆಯಾಯಿತು. ನಮ್ಮ ಕನ್ನಡ ವಿಕಿಪೀಡಿಯ ಕಣ್ಣು ಬಿಟ್ಟದ್ದೂ ಅದೇ ತಿಂಗಳಲ್ಲಿ. ಜಾಹೀರಾತು ಬರಲಿಲ್ಲ, ಬದಲಿಗೆ ವರ್ಷಕ್ಕೊಮ್ಮೆ ಓದುಗರ ಮುಂದೆ ಚಂದಾ ಡಬ್ಬಿ ಬರುತ್ತದೆ. 2016ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟು ಒಂದು ಶಾಶ್ವತ ನಿಧಿಯನ್ನು ಆರಂಭಿಸಿದರು. ಮೂಲಧನವನ್ನು ಮುಟ್ಟದೆ ಅದರ ಆದಾಯದಿಂದ ಸೇವೆ ನಡೆಯಬೇಕೆಂಬುದು ಉದ್ದೇಶ. 2021ರಲ್ಲಿ ಆ ನಿಧಿ 10 ಕೋಟಿ ಡಾಲರ್ ಮುಟ್ಟಿತು. ಬಡ್ಡಿ, ಷೇರುಗಳ ಪ್ರಶ್ನೆಯನ್ನು ಬದಿಗಿಟ್ಟು ನೋಡಿದರೆ, ನಮ್ಮ ಹಿರಿಯರು ವಕ್ಫ್ ಎಂದು ಕರೆದದ್ದರ ರಚನೆಯೇ ಇದು. ವಕ್ಫ್ ಎಂದರೆ ಆಸ್ತಿ ಕಬಳಿಕೆಯ ಇನ್ನೊಂದು ಹೆಸರು ಎಂಬಂತೆ ಮಾತಾಡುವ ಕಾಲದಲ್ಲಿ, ಜಗತ್ತೇ ಬಳಸುವ ವಿಶ್ವಕೋಶ ತನ್ನ ಉಳಿವಿಗಾಗಿ ಅದೇ ದಾರಿ ಹಿಡಿದಿದೆ ಎಂಬುದನ್ನು ಹೇಳಲೇಬೇಕಾಗಿದೆ.

ಕನ್ನಡದ ಬಾವಿಗಳನ್ನು ತೋಡಿದವರೂ ಬಹುಪಾಲು ಇಂಥವರೇ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಅಕ್ಷರಗಳೇ ಸಾಕು ಎಂದು ತೋರಿಸಿದವರು ಕರಾವಳಿಯ ಕೆ.ಪಿ. ರಾವ್. ಧ್ವನಿಯನ್ನು ಅನುಸರಿಸಿ ಅವರು ರೂಪಿಸಿದ ವಿನ್ಯಾಸವನ್ನೂ ಸೇಡಿಯಾಪು ಎಂಬ ತಂತ್ರಾಂಶವನ್ನೂ ಉಚಿತವಾಗಿ ಕೊಟ್ಟರು. ಸರಕಾರದ ಕೀಲಿಮಣೆ ಮಾನಕಕ್ಕೂ ಅವರ ವಿನ್ಯಾಸವೇ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಬಂತು. ಮೊದಲ ಹಲವು ವರ್ಷ ಅದು ಉಚಿತವಾಗಿಯೇ ದೊರೆಯಿತು, ಮನೆಮನೆಗಳಲ್ಲಿ ಕನ್ನಡ ಬೆರಳಚ್ಚು ಕಲಿತವರೆಷ್ಟೋ ಮಂದಿ. ಗಣಕ ಪರಿಷತ್ತಿನ ನುಡಿಯ ಹಿಂದೆ ಸರಕಾರದ ಹಣವಿತ್ತು. ಇತ್ತೀಚಿನ ಉದಾಹರಣೆ ಬೇಕಾದರೆ ಅಲರ್ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ರಚಿಸಿದ ಈ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷ ಪದಗಳಿವೆ. 2019ರಲ್ಲಿ ಅದನ್ನು ಮುಕ್ತ ಪರವಾನಿಗೆಯಲ್ಲಿ ಅಂತರ್ಜಾಲಕ್ಕೆ ಬಿಡಲಾಯಿತು. ಜಾಹೀರಾತಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಪದ ಬರೆದರೆ ಅರ್ಥ ಬರುತ್ತದೆ.

ಸರಕಾರದ ಬಾವಿಗಳದು ಬೇರೆಯೇ ಲೆಕ್ಕ. ಕರ್ನಾಟಕದ ಭೂಮಿ ಯೋಜನೆ 2001ರಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗ್ರಾಮ ಲೆಕ್ಕಿಗರ ಕೈಬರಹದಿಂದ ಗಣಕಯಂತ್ರಕ್ಕೆ ತಂದಿತು. ಪಹಣಿಗಾಗಿ ಯಾರ ಯಾರ ಮುಂದೆ ನಿಲ್ಲಬೇಕಾಗಿತ್ತು ಎಂಬುದು ರೈತರಿಗೆ ಗೊತ್ತು. ಯುಪಿಐ 2016ರಲ್ಲಿ ಬಂತು. 2020ರ ಜನವರಿಯಿಂದ ಅಂಗಡಿಯವರಿಗೂ ಅದರ ಮೇಲೆ ಶುಲ್ಕವಿಲ್ಲ. ಮೀನು ಮಾರುವ ಹೆಂಗಸಿಗೂ ನಾವು ಅದರಲ್ಲೇ ಹಣ ಕೊಡುತ್ತೇವೆ. ಆದರೆ ಬ್ಯಾಂಕುಗಳು ಧರ್ಮಕ್ಕೆ ದುಡಿಯುತ್ತಿಲ್ಲ. 2022-23ರ ಸಾಲಿಗೆ ಯುಪಿಐ ಮತ್ತು ರುಪೇ ಕಾರ್ಡುಗಳ ಪ್ರೋತ್ಸಾಹಕ್ಕಾಗಿ ಕೇಂದ್ರ ಸಂಪುಟ ಒಪ್ಪಿದ ಮೊತ್ತ 2,600 ಕೋಟಿ ರೂಪಾಯಿ. ಅದು ನಮ್ಮ ತೆರಿಗೆಯೇ. ಈ ರೀತಿಯ ಉಚಿತದಲ್ಲಿ ತಪ್ಪಿಲ್ಲ, ಕೊನೆಗೆ ಅರಸರು ಕಟ್ಟಿಸಿದ ಕೆರೆಗಳಿಗೂ ಹಣ ಬಂದದ್ದು ಕಂದಾಯದಿಂದಲೇ.

ವ್ಯಾಪಾರಿಯ ಬಾವಿಗೆ ಇನ್ನೊಂದು ದೋಷವಿದೆ, ಅವನಿಗೆ ಬೇಡವಾದ ದಿನ ಮುಚ್ಚಿಬಿಡುತ್ತಾನೆ. ಉಚಿತ ಪುಟಗಳನ್ನು ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಲಕ್ಷಗಟ್ಟಲೆ ಜನರ ಬರಹಗಳು ಅಳಿದುಹೋಗುವುದರಲ್ಲಿದ್ದವು. ಸ್ವಯಂಸೇವಕರು ರಾತ್ರಿ ಹಗಲು ಕುಳಿತು ಒಂದಷ್ಟನ್ನು ಉಳಿಸಿದರು. ನಮ್ಮ ಯುವಕರು ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಹೋಯಿತು.

ಆದರೆ ಮುಚ್ಚಿಹೋಗುವುದಕ್ಕಿಂತ ದೊಡ್ಡ ಅಪಾಯ ತೆರೆದಿರುವ ಬಾವಿಯಲ್ಲೇ ಇದೆ ಎಂದು ಮುಸ್ಲಿಮರಿಗೆ ಮನವರಿಕೆಯಾದದ್ದು 2020ರ ನವೆಂಬರಿನಲ್ಲಿ. ಮುಸ್ಲಿಮ್ ಪ್ರೋ ಎಂಬ ಉಚಿತ ಆ್ಯಪ್ ನಮ್ಮಲ್ಲೂ ಅನೇಕರ ಫೋನಿನಲ್ಲಿತ್ತು. ನಮಾಝಿನ ಸಮಯ, ಕಿಬ್ಲಾದ ದಿಕ್ಕು, ಕುರ್‌ಆನ್ ಪಾರಾಯಣ ಎಲ್ಲವೂ ಅದರಲ್ಲಿತ್ತು. ಜಗತ್ತಿನಾದ್ಯಂತ ಅದರ ಡೌನ್‌ಲೋಡುಗಳ ಸಂಖ್ಯೆ 9.8 ಕೋಟಿ ದಾಟಿತ್ತು. ಈ ಆ್ಯಪ್ ಬಳಕೆದಾರರು ಇರುವ ಜಾಗದ ಮಾಹಿತಿಯನ್ನು ಎಕ್ಸ್-ಮೋಡ್ ಎಂಬ ಕಂಪನಿಗೆ ಕೊಡುತ್ತಿತ್ತು, ಎಕ್ಸ್-ಮೋಡ್ ಅಂಥ ಮಾಹಿತಿಯನ್ನು ಅಮೆರಿಕದ ಸೇನೆಯ ಗುತ್ತಿಗೆದಾರರಿಗೆ ಮಾರುತ್ತಿತ್ತು ಎಂದು ಮದರ್‌ಬೋರ್ಡ್ ಎಂಬ ಸುದ್ದಿತಾಣ ವರದಿ ಮಾಡಿತು. ತಾನು ಸೇನೆಗೆ ನೇರವಾಗಿ ಏನನ್ನೂ ಮಾರಿಲ್ಲ ಎಂದು ಆ್ಯಪ್‌ನವರು ಹೇಳಿದರು, ಎಕ್ಸ್-ಮೋಡ್ ಜೊತೆಗಿನ ಸಂಬಂಧವನ್ನೂ ಕಡಿದುಕೊಂಡರು. ಡಿಸೆಂಬರಿನಲ್ಲಿ ಆ್ಯಪಲ್ ಮತ್ತು ಗೂಗಲ್ ಎರಡೂ ಎಕ್ಸ್-ಮೋಡ್‌ನ ತಂತ್ರಾಂಶವನ್ನು ತೆಗೆದುಹಾಕುವಂತೆ ಎಲ್ಲ ಆ್ಯಪ್‌ಗಳಿಗೆ ತಾಕೀತು ಮಾಡಿದವು. 2021ರ ಜನವರಿಯಲ್ಲಿ ಸಲಾತ್ ಫಸ್ಟ್ ಎಂಬ ಇನ್ನೊಂದು ಆ್ಯಪ್‌ನ ಮಾಹಿತಿ ಫ್ರಾನ್ಸಿನ ಕಂಪನಿಯೊಂದಕ್ಕೆ ಹೋಗುತ್ತಿದ್ದುದು ಬೆಳಕಿಗೆ ಬಂತು.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಯಾವ ಸೈನಿಕನೂ ಇಲ್ಲಿ ಕದ್ದು ಕೇಳಲಿಲ್ಲ, ಯಾವ ಬೀಗವನ್ನೂ ಒಡೆಯಲಿಲ್ಲ. ಒಬ್ಬ ಮುಸ್ಲಿಮ್ ದಿನಕ್ಕೆ ಐದು ಬಾರಿ ಎಲ್ಲಿರುತ್ತಾನೆ, ಯಾವ ಮಸೀದಿಗೆ ಹೋಗುತ್ತಾನೆ, ರಾತ್ರಿ ಯಾವ ಮನೆಯಲ್ಲಿ ಮಲಗುತ್ತಾನೆ ಎಂಬುದು ಮಾರುಕಟ್ಟೆಯಲ್ಲಿ ಸಿಗುವ ಸರಕಾಗಿತ್ತು. ಡ್ರೋನ್‌ಗಳು ಮನೆಗಳ ಮೇಲೆ ಬಾಂಬು ಹಾಕುವ ಕಾಲದಲ್ಲಿ ಈ ಸರಕು ಎಲ್ಲಿ ಹೇಗೆ ಉಪಯೋಗವಾಗಬಹುದು ಎಂಬ ಭಯ ಯಾರಿಗಾದರೂ ಸಹಜ. ಅದನ್ನು ಒದಗಿಸಿದವರು ನಾವೇ, ಅದೂ ಕಿಬ್ಲಾ ಹುಡುಕುವಾಗ ಒಂದು ಗುಂಡಿ ಒತ್ತಿ. ಎಕ್ಸ್-ಮೋಡ್ ಮುಂದೆ ಹೆಸರು ಬದಲಾಯಿಸಿಕೊಂಡಿತು. ಅಮೆರಿಕದ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ, ಆರಾಧನಾಲಯ, ಆಸ್ಪತ್ರೆಗಳಂಥ ಸೂಕ್ಷ್ಮ ಜಾಗಗಳ ಮಾಹಿತಿಯನ್ನು ಮಾರದಂತೆ ಆ ಕಂಪನಿಯನ್ನು ತಡೆಯಿತು.

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನಂತರ 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯಿದೆ ಬಂತು, ಅದರ ನಿಯಮಗಳು ಪ್ರಕಟವಾಗಲು 2025ರ ನವೆಂಬರ್ ಬೇಕಾಯಿತು. ಕಂಪನಿಗಳಿಗೆ ಅದರಲ್ಲಿ ಕಡಿವಾಣವಿದೆ. ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಮಾತ್ರ ಸರಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿದೆ.

ನಿಜ ಹೇಳಬೇಕೆಂದರೆ ನಮಾಝಿನ ವೇಳೆ ಲೆಕ್ಕ ಹಾಕಲು ಮನುಷ್ಯನ ಗುರುತೇ ಬೇಕಿಲ್ಲ. ಊರಿನ ಅಕ್ಷಾಂಶ, ರೇಖಾಂಶ, ತಾರೀಕು ಇದ್ದರೆ ಸಾಕು. ಮಂಗಳೂರಿನ ಫಜ್ರ್ ಬಂದರಿನಲ್ಲಿರುವವನಿಗೂ ಕಂಕನಾಡಿಯಲ್ಲಿರುವವನಿಗೂ ಒಂದೇ. ಅಲ್-ಖಲೀಲಿಯ ಕೋಷ್ಟಕಕ್ಕೆ ಓದುವವನು ಯಾರೆಂದು ಗೊತ್ತಿರಲಿಲ್ಲ. ಇದೇ ಲೆಕ್ಕವನ್ನು ಇಂದಿನ ಗಣಕ ಭಾಷೆಗಳಲ್ಲಿ ಬರೆದು ಮುಕ್ತವಾಗಿ ಬಿಟ್ಟವರೂ ಇದ್ದಾರೆ. ಪ್ರೇಟೈಮ್ಸ್ ಎಂಬ ಆ ಸಂಕೇತವನ್ನು ಯಾರು ಬೇಕಾದರೂ ತಮ್ಮ ತಾಣದಲ್ಲಿ ಬಳಸಬಹುದು. ಅದನ್ನು ರೂಪಿಸಿದ ಹಮೀದ್ ಝರ‍್ರಾಬಿಝಾದೆ ಅವರೇ 2007ರಲ್ಲಿ ತನ್‌ಝೀಲ್ ಎಂಬ ಯೋಜನೆಯನ್ನು ಆರಂಭಿಸಿ, ಕುರ್‌ಆನಿನ ಅರಬಿ ಪಾಠವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸಿ ಯುನಿಕೋಡ್‌ನಲ್ಲಿ ಕೊಟ್ಟರು. ನಮ್ಮ ಜಮಾಅತಿನ ಹುಡುಗರಲ್ಲಿ ಕಂಪ್ಯೂಟರ್ ಕಲಿತವರಿಗೇನೂ ಕೊರತೆಯಿಲ್ಲ. ಒಂದು ಮೊಹಲ್ಲಾದ ಮಸೀದಿಗೆ ಹೆಸರು, ಜಾಗ ಏನನ್ನೂ ಕೇಳದ ಒಂದು ಪುಟ ಮಾಡಿಕೊಡುವುದು ಅವರಿಗೆ ಒಂದು ಆದಿತ್ಯವಾರದ ಕೆಲಸ.

ಮಸೀದಿಯ ಗೋಡೆಯ ಮೇಲೆ ಇಂದಿಗೂ ಅಚ್ಚಾದ ವೇಳಾಪಟ್ಟಿ ತೂಗುತ್ತದೆ. ಅದರ ಕೆಳಗೆ ಬಟ್ಟೆ ಅಂಗಡಿಯದೋ ಚಿನ್ನದ ಅಂಗಡಿಯದೋ ಜಾಹೀರಾತು ಇರುವುದು ರೂಢಿ. ಅಂಗಡಿಯವನ ಹೆಸರನ್ನು ನಾವು ದಿನಕ್ಕೆ ಐದು ಬಾರಿ ನೋಡುತ್ತೇವೆ. ನೋಡಿದವರು ಯಾರೆಂದು ಅವನಿಗೆ ತಿಳಿಯುವುದಿಲ್ಲ.